ಗಿರಿಜಕ್ಕ ತಿಕ್ಕದೆ ಬಿಟ್ಟ ಕಾಲು

೨೦೨೧ರಲ್ಲಿ ಕೋವಿಡಿನ ಎರಡನೆಯ ಅಲೆ ಇಳಿಯತೊಡಗಿದ್ದಾಗ ನಾನು ಸುರತ್ಕಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಫಿಸಿಶಿಯನ್ ಆಗಿದ್ದೆ. ಕಾಟಿಪಳ್ಳದ ದಿನೇಶ ಎಂಬ ಫಿಟ್ಟರ್ ತೀವ್ರ ನ್ಯುಮೋನಿಯಾದಿಂದ ಚೇತರಿಸಿಕೊಂಡು ನಮ್ಮ ವಾರ್ಡಿನಿಂದ ಮನೆಗೆ ಮರಳಿ ಒಂದು ವಾರವಾಗಿತ್ತು. ಜ್ವರವಿರಲಿಲ್ಲ, ಆಕ್ಸಿಜನ್ ಪ್ರಮಾಣವೂ ಸರಿಯಾಗಿತ್ತು. ಗಂಡಾಂತರ ಕಳೆಯಿತೆಂದು ಮನೆಯವರೆಲ್ಲ ನಂಬಿದ್ದರು.

ಒಂದು ಬೆಳಿಗ್ಗೆ ನಾನು ಜಪಕ್ಕೆ ಕುಳಿತಿದ್ದಾಗ ಅವನ ಹೆಂಡತಿ ಸವಿತಾಳ ಕರೆ ಬಂತು. ಜಪದ ನಡುವೆ ಏಳುವುದು ನನ್ನ ಪದ್ಧತಿಯಲ್ಲ. ಎರಡನೆಯ ಬಾರಿಯೂ ಅದೇ ಹೆಸರು ಕಂಡಾಗ ಮಾಲೆಯನ್ನು ಕೆಳಗಿಟ್ಟೆ.

"ಡಾಕ್ಟ್ರೆ, ಇವರ ಎಡಗಾಲು ಮೊಣಕಾಲಿನ ಕೆಳಗೆ ಊದಿಕೊಂಡಿದೆ. ನೆಲಕ್ಕೆ ಊರ್ಲಿಕ್ಕೆ ಆಗುವುದಿಲ್ಲ. ಮಲಗಿ ಮಲಗಿ ಹೀಗಾದದ್ದು ಅಂತ ಅತ್ತೆ ಎಣ್ಣೆ ಬಿಸಿಗಿಟ್ಟಿದ್ದಾರೆ."

"ಊದಿದ್ದು ಒಂದೇ ಕಾಲಾ?"

"ಹೌದು, ಒಂದೇ."

"ಫೋನ್ ಅತ್ತೆಗೆ ಕೊಡಿ."

ಅತ್ತೆ ಎಂದರೆ ಗಿರಿಜಕ್ಕ. ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವುದರಲ್ಲಿ ಸುತ್ತಲಿನ ಕೇರಿಗಳಲ್ಲೆಲ್ಲ ಹೆಸರಾದವರು.

ವೈರಸ್ಸನ್ನು ಎದುರಿಸಲು ಎದ್ದ ರೋಗನಿರೋಧಕ ಶಕ್ತಿ ಕೆಲವೊಮ್ಮೆ ಮಿತಿಮೀರಿ ಕೆರಳುತ್ತದೆ. ಆ ಉರಿಯೂತದಿಂದ ರಕ್ತನಾಳಗಳ ಒಳಪದರವು ಹಾನಿಗೊಂಡು, ಗಾಯವಿಲ್ಲದೆಯೂ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಜ್ವರ ಬಿಟ್ಟ ಮೇಲೂ ಕೆಲವು ವಾರ ಈ ಅಪಾಯ ಉಳಿದಿರುತ್ತದೆ. ಕಾಲಿನ ಆಳದ ಸಿರೆಯಲ್ಲಿ ಕಟ್ಟಿದ ಹೆಪ್ಪು, ಬಲವಾಗಿ ತಿಕ್ಕಿದರೆ ಕಳಚಿಕೊಂಡು ಶ್ವಾಸಕೋಶವನ್ನು ಸೇರಬಹುದು. ಆಗ ಪ್ರಾಣ ಉಳಿಯುವುದೇ ಕಷ್ಟ. ಇಷ್ಟನ್ನೆಲ್ಲ ಆ ಹೊತ್ತಿನಲ್ಲಿ ವಿವರಿಸುವಂತಿರಲಿಲ್ಲ.

"ಗಿರಿಜಕ್ಕ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಎದೆಗೆ ಹೋದೀತು. ಒಲೆ ಆರಿಸಿ, ಅವನನ್ನು ನಡೆಸದೆ ಆಸ್ಪತ್ರೆಗೆ ಕರೆತನ್ನಿ."

"ಎಷ್ಟು ಬಾಣಂತಿಯರ ಸೊಂಟ ನೆಟ್ಟಗೆ ಮಾಡಿದ ಕೈ ಇದು ಡಾಕ್ಟ್ರೆ. ನನ್ನ ಮಗನ ಕಾಲಿಗೆ ಆಗುವುದಿಲ್ಲವಾ?"

"ಆ ಕೈಯ ಬಲ ಗೊತ್ತಿರುವುದರಿಂದಲೇ ಹೇಳ್ತಿದ್ದೇನೆ."

ಗ್ಯಾಸ್ ಒಲೆ ಆರಿಸಿದ ಟಕ್ಕೆಂಬ ಸದ್ದು ಫೋನಿನಲ್ಲಿ ಕೇಳಿಸಿತು.

ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಸಿರೆಯೊಳಗಿನ ಹೆಪ್ಪು ಸ್ಪಷ್ಟವಾಗಿ ಕಂಡಿತು. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ಆರಂಭಿಸಿದೆವು. ಗಿರಿಜಕ್ಕ ಹಾಸಿಗೆಯ ಪಕ್ಕದಲ್ಲಿ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿರುತ್ತಿದ್ದರು.

"ಹುಟ್ಟಿದಂದಿನಿಂದ ಅಮ್ಮನ ಕೈಯಿಂದ ತಪ್ಪಿಸಿಕೊಳ್ಳಲಿಕ್ಕೆ ಆಗಿರಲಿಲ್ಲ. ಈಗ ಡಾಕ್ಟ್ರೇ ಚೀಟಿ ಬರೆದು ಕೊಟ್ಟರು ಮಾರಾಯ್ರೆ," ಎಂದ ದಿನೇಶ.

"ಸುಮ್ಮನಿರು. ಕಾಲು ಸರಿಯಾಗಲಿ, ಬಡ್ಡಿ ಸೇರಿಸಿ ತಿಕ್ತೇನೆ."

ಮೂರು ತಿಂಗಳ ಮಾತ್ರೆಗಳ ಬಳಿಕ ಮಾಡಿದ ಸ್ಕ್ಯಾನಿನಲ್ಲಿ ಹೆಪ್ಪು ಕಾಣಲಿಲ್ಲ. ಕಾಲಿನ ಊತವೂ ಪೂರ್ಣವಾಗಿ ಇಳಿದಿತ್ತು. ಗಿರಿಜಕ್ಕ ಕೇಳಿದ್ದು ಒಂದೇ ಮಾತು: "ಇನ್ನು ಎಣ್ಣೆ ಹಾಕಬಹುದಾ?"

"ಧಾರಾಳವಾಗಿ. ಕೈ ಮಾತ್ರ ಹಗುರ ಇರಲಿ."

ದಿನೇಶ ಬಾಗಿಲ ಕಡೆ ನೋಡಿದ.

ಪ್ರೀತಿಯಿಂದ ಮುಂದೆ ಬಂದ ಕೈಯನ್ನು ತಡೆಯಬೇಕಾದಾಗ ಅದರ ಹಿರಿಮೆಯನ್ನು ಒಪ್ಪಿಕೊಂಡೇ ತಡೆಯಬೇಕೆಂದು ವೃತ್ತಿ ನನಗೆ ಕಲಿಸಿತು. ಆ ತಾಯಿ ಅಂದು ಕೈ ಹಿಂದೆಗೆದದ್ದು ನನ್ನ ಯಾವ ಚುಚ್ಚುಮದ್ದಿಗಿಂತಲೂ ಮೊದಲು ನಡೆದ ಚಿಕಿತ್ಸೆ. ನಡುವೆ ಬಿಟ್ಟ ಆ ದಿನದ ಜಪವನ್ನು ನಾನು ಮತ್ತೆ ಎಣಿಸಲು ಹೋಗಲಿಲ್ಲ. ಅದು ಭಗವಂತನಿಗೆ ಸಂದಿತೆಂದೇ ಭಾವಿಸಿದ್ದೇನೆ.