ತಂಗಿಯ ತರಬೇತಿ

ತಂಗಿಯೂ ನಾನೂ ಶಿಕ್ಷಕಿಯರಾಗಲು ಬೇರೆ ಬೇರೆ ದಾರಿ ಹಿಡಿದೆವು. ಈಗ ನಾನೊಬ್ಬಳೇ ಉಳಿದಿದ್ದೇನೆ.

ನಮ್ಮ ತಂದೆ, ಅಬ್ಬಾ, ಒಬ್ಬಳನ್ನಷ್ಟೇ ಪರ ಊರಲ್ಲಿಟ್ಟು ಓದಿಸಬಲ್ಲವರಾಗಿದ್ದರು. ಹಿರಿಯಳೆಂದು ನಾನು ಮುದ್ದೇಬಿಹಾಳದಲ್ಲಿ ಎರಡು ವರ್ಷ ಡಿ.ಇಡಿ. ಓದಿದೆ. ಅವಳು ಸಿಂದಗಿಯ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತ, ರಜೆಯ ದಿನಗಳಲ್ಲಿ ಬಸವನ ಬಾಗೇವಾಡಿಯ ಕೇಂದ್ರಕ್ಕೆ ಹೋಗಿ ದೂರಶಿಕ್ಷಣದ ತರಬೇತಿ ಮುಗಿಸಿದಳು.

ನಮ್ಮ ಕಾಲೇಜಿನಲ್ಲಿ ಮೊದಮೊದಲು ಗೆಳತಿಯರೆದುರೇ ಪಾಠ ಮಾಡಬೇಕಿತ್ತು. ಅವರು ಮೂರನೆಯ ತರಗತಿಯ ಮಕ್ಕಳಂತೆ ನಟಿಸುತ್ತಿದ್ದರು. ಅದನ್ನು ಕೇಳಿ ತಂಗಿ ಬಿದ್ದು ಬಿದ್ದು ನಕ್ಕಳು.

"ಆಪಾ, ಯಾರರ ಚಡ್ಡಿ ಒದ್ದಿ ಮಾಡ್ಕೊಂಡ್ರೇನ? ನನ್ನ ಕ್ಲಾಸಿಗೆ ಬಾ, ಖರೇ ಮಕ್ಕಳನ್ನ ತೋರಸ್ತೇನಿ."

"ಬಾಳ ಶಾಣ್ಯಾಕಿ ಆಗಬ್ಯಾಡ. ನಮ್ಮ ಮೇಡಂ ಹಿಂದ ಕುಂತು ಒಂದೊಂದು ತಪ್ಪು ಹೇಳ್ತಾರ."

ಅವಳ ನಗು ನಿಂತಿತು. "ಅದು ನಿನ್ನ ನಸೀಬ ಬಿಡು. ನಾ ತಪ್ಪು ಕಲಿಸಿದ್ರ ಹೇಳವ್ರು ಯಾರೂ ಇಲ್ಲ."

ನನಗೆ ಇಂಡಿ ತಾಲ್ಲೂಕಿನಲ್ಲಿ ಕಾಯಂ ನೌಕರಿ ಸಿಕ್ಕಿತು. ಅವಳು ಅರ್ಹತಾ ಪರೀಕ್ಷೆಯಲ್ಲೂ ಪಾಸಾದಳು. ಆದರೆ ದಾಖಲೆ ನೋಡಿದವರು, ಕಾಯಂ ಹುದ್ದೆಗೆ ದೂರಶಿಕ್ಷಣದ ತರಬೇತಿ ನಡೆಯುವುದಿಲ್ಲ ಎಂದರು. ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಅದೇ ಮಕ್ಕಳಿಗೆ ಅದೇ ಪಾಠ ಕಲಿಸಲು ಮಾತ್ರ ನಡೆಯಿತು. ಶಾಲೆ ತೆರೆದಾಗ ಕರೆಯುತ್ತಿದ್ದರು, ಪರೀಕ್ಷೆ ಮುಗಿದೊಡನೆ ಬಿಡಿಸುತ್ತಿದ್ದರು. ಮತ್ತೆ ಮೊದಲಿನಿಂದ ಡಿ.ಇಡಿ. ಓದುತ್ತೇನೆ ಎಂದು ಹಟ ಹಿಡಿದಿದ್ದಳು. ಈ ಮಳೆಗಾಲದಲ್ಲಿ ಬಂದ ಜ್ವರ ಅವಳನ್ನು ಬಿಡಲಿಲ್ಲ.

ಶಿಕ್ಷಕರು ತೀರಿಕೊಂಡರೆ ಪ್ರಾರ್ಥನೆಯಲ್ಲಿ ಮೌನ ಆಚರಿಸಿ ಶಾಲೆ ಬಿಡುವುದು ನಮ್ಮ ಕಡೆಯ ರೂಢಿ. ಅವಳಿಗೆ ಮೌನವಷ್ಟೇ ಸಿಕ್ಕಿತು. ಮೂರನೆಯ ದಿನ ಮನೆಯಲ್ಲಿ ನಡೆದ ಜಿಯಾರತ್‌ ಪ್ರಾರ್ಥನೆಗೆ ಅವಳ ಶಾಲೆಯ ಮುಖ್ಯ ಗುರುಗಳು ಬಂದರು.

"ಬಾಳ ಚಲೋ ಕಲಿಸ್ತಿದ್ರು ನೋಡ್ರಿ."

"ಮತ್ತ ಸಾಲಿ ಯಾಕ ಬಿಡಲಿಲ್ರಿ, ಸರ?"

"ಅತಿಥಿ ಶಿಕ್ಷಕರಿಗೆ ಹಂಗ ಬಿಡಾಕ ಬರೂದಿಲ್ರಿ. ಮ್ಯಾಲಿನವ್ರು ಕೇಳ್ತಾರ."

ಚಹಾ ಕುಡಿದು ಎದ್ದರು. ಚಪ್ಪಲಿ ಮೆಟ್ಟುತ್ತ ದನಿ ತಗ್ಗಿಸಿದರು: "ಅವರ ಜಾಗಾಕ್ಕ ಯಾರರ ಇದ್ರ ಹೇಳ್ರಿ, ಮೇಡಂ. ರೆಗ್ಯುಲರ್ ಡಿ.ಇಡಿ. ಆದವ್ರು ಇದ್ರ ಚಲೋ."

"ಕಾಯಂ ಮಾಡ್ತೀರೇನ್ರಿ?"

"ಎಲ್ಲಿ ಕಾಯಂರಿ? ಅತಿಥಿನ."

ನನ್ನೊಡನೆ ಓದಿ ಮನೆಯಲ್ಲೇ ಕುಳಿತ ಗೆಳತಿಯರು ಇದ್ದರು. ನನಗೆ ಯಾರೂ ಗೊತ್ತಿಲ್ಲ ಎಂದು ಹೇಳಿ, ಮುಖ್ಯ ಗುರುಗಳು ಮೆಟ್ಟಿಲು ಇಳಿಯುವ ಮೊದಲೇ ಬಾಗಿಲು ಹಾಕಿದೆ.