ರತ್ನಕ್ಕ ಹೇಳಿದ ಹಿಂದಿ ಸಿನಿಮಾಗಳು

ನನಗೆ ಹಿಂದಿ ಬರುವುದಿಲ್ಲ. ಆದರೂ ನಲವತ್ತು ವರ್ಷದಿಂದ ಹಿಂದಿ ಸಿನಿಮಾ ನೋಡುತ್ತಿದ್ದೇನೆ, ನೋಡಿ ಅಳುತ್ತಿದ್ದೇನೆ, ಅತ್ತದ್ದು ಸರಿಯಾದ ಜಾಗದಲ್ಲೇ ಎಂದು ನಂಬಿಕೊಂಡೂ ಬಂದಿದ್ದೇನೆ.

ಬೆಳಿಗ್ಗೆ ಸ್ನಾನ, ಲಿಂಗಪೂಜೆ ಆಗದೆ ಕಾಫಿ ಮುಟ್ಟದವಳು ನಾನು. ವಿಭೂತಿ ಹಚ್ಚಿದ ಈ ಹಣೆಯೊಳಗೆ ಅಷ್ಟೊಂದು ಹೀರೋಗಳು ಹೇಗೆ ಹಿಡಿಸಿದರೋ ಶಿವನಿಗೇ ಗೊತ್ತು. ಕಣ್ಣು ಮುಚ್ಚಿ ಕೂತಾಗ ಒಮ್ಮೊಮ್ಮೆ ಮಂತ್ರದ ನಡುವೆ ಯಾವುದೋ ಹಳೇ ಹಾಡಿನ ಧಾಟಿ ನುಸುಳಿಬಿಡುತ್ತದೆ. ‘ತಪ್ಪಾಯ್ತು ತಂದೆ’ ಎಂದು ಗಲ್ಲ ಬಡಿದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಹೀಗಾಗಿ ಹಿಂದಿ ಸಿನಿಮಾದ ದಯೆಯಿಂದ ನಮ್ಮನೆಯಲ್ಲಿ ಎಷ್ಟೋ ದಿನ ಪೂಜೆ ಒಂದೂವರೆ ಪಾಲು ಆಗಿದೆ.

ನಾನು ಮದುವೆಯಾಗಿ ಸಿದ್ದಾಪುರದಿಂದ ಚಳ್ಳಕೆರೆಗೆ ಬಂದಾಗ ಬೀದಿಗೆಲ್ಲ ಒಂದೇ ಟೀವಿ. ಅದು ನಮ್ಮ ಮಾವನವರದು, ಕಪ್ಪು ಬಿಳುಪಿನದು. ಮಾವನವರು ಶೇಂಗಾ ಎಣ್ಣೆಯ ವ್ಯಾಪಾರದವರು, ಮಾತು ಕಡಿಮೆ, ಆದರೆ ಭಾನುವಾರ ಸಂಜೆ ಬಾಗಿಲು ಮಾತ್ರ ಅಗಲವಾಗಿ ತೆಗೆದಿಡಿಸುತ್ತಿದ್ದರು. ಬೀದಿಯ ಹೆಂಗಸರೆಲ್ಲ ಬೇಗ ಮುದ್ದೆ ಕಟ್ಟಿಟ್ಟು ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು. ಸಿನಿಮಾ ಹಿಂದಿಯದು. ಕೂತವರಿಗೆ ಬರುವುದು ಕನ್ನಡ, ಕೆಲವರಿಗೆ ತೆಲುಗು. ನಡುವೆ ಸೇತುವೆಯಂತೆ ಇದ್ದವರು ಎದುರು ಮನೆಯ ರತ್ನಕ್ಕ.

ರತ್ನಕ್ಕ ಮದುವೆಯಾದ ಹೊಸದರಲ್ಲಿ ಗಂಡನ ಕೆಲಸದ ಕಾರಣ ಮೂರು ವರ್ಷ ಸೊಲ್ಲಾಪುರದಲ್ಲಿದ್ದರು. ಅಲ್ಲಿಂದ ಬರುವಾಗ ಎರಡು ಹೊದಿಕೆ, ಒಂದು ಹಿತ್ತಾಳೆ ಕೊಳಗ ಮತ್ತು ಹಿಂದಿ ತಂದಿದ್ದರು. ಬಳೆ ಮಾರಲು ಬಂದವರ ಹತ್ತಿರ ಅವರು ಹಿಂದಿಯಲ್ಲಿ ಚೌಕಾಸಿ ಮಾಡುವುದನ್ನು ನಾವೆಲ್ಲ ಬಾಯಿ ತೆರೆದು ನೋಡುತ್ತಿದ್ದೆವು. ಟೀವಿಯ ಮುಂದೆ ಅವರಿಗೊಂದು ಮಣೆ ಕಾಯಂ. ಹೀರೋ ಐದು ನಿಮಿಷ ಎದೆ ಬಡಿದುಕೊಂಡು ಮಾತಾಡಿದರೆ ರತ್ನಕ್ಕ, “ಒಪ್ಪಂಗಿಲ್ಲ ಅಂತಾನೆ” ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದರು. ಹೀರೋಯಿನ್ ತಲೆ ತಗ್ಗಿಸಿ ಒಂದೇ ಶಬ್ದ ಆಡಿದರೆ ಅದಕ್ಕೆ ಐದು ನಿಮಿಷದ ವಿವರಣೆ: ಅವಳ ತವರಿನ ಕಷ್ಟ, ಅತ್ತಿಗೆಯ ಕಾಟ, ಮನಸ್ಸಿನಲ್ಲಿರುವುದು, ಮನಸ್ಸಿನಲ್ಲಿ ಇರಬೇಕಾಗಿದ್ದದ್ದು. ಹಿಮಾಲಯದ ಗುಡಿ ತೋರಿಸಿದರೆ, “ನಮ್ಮ ಜಟಿಂಗ ರಾಮೇಶ್ವರ ಇದ್ದಂಗೇ ಐತೆ, ಮೆಟ್ಟಿಲು ಸ್ವಲ್ಪ ಜಾಸ್ತಿ” ಎಂದುಬಿಡುತ್ತಿದ್ದರು. ಹಿಮಾಲಯವೂ ಮರುಮಾತಾಡುತ್ತಿರಲಿಲ್ಲ.

ಈಗ ಬೀದಿಯಲ್ಲಿ ಮನೆಗೊಂದು ಟೀವಿ, ಮನುಷ್ಯನಿಗೊಂದು ಫೋನು. ಆದರೂ ನಮ್ಮ ಕೂಟ ನಿಂತಿಲ್ಲ. ಭಾನುವಾರದ ಬದಲು ಶನಿವಾರ ಮಧ್ಯಾಹ್ನ ಆಗಿದೆ, ಅಷ್ಟೇ. ಕಾರ್ತಿಕಕ್ಕೆ ಲಕ್ಷ ಬತ್ತಿ ಹರಕೆ ಹೊತ್ತಿದ್ದೇನೆ, ಅದನ್ನು ಹೊಸೆಯಲು ರತ್ನಕ್ಕ ಬರುತ್ತಾರೆ, ಪಕ್ಕದ ಮನೆಯ ಶಾರದಮ್ಮ ಬರುತ್ತಾಳೆ. ಶಾರದಮ್ಮನ ತವರು ಕೊಂಡ್ಲಹಳ್ಳಿ. ಮನೆಮಾತು ತೆಲುಗು, ಗಾಬರಿಯಾದಾಗ ಮಾತ್ರ ಅದು ಹೊರಗೆ ಬರುತ್ತದೆ. ನನ್ನ ಸೊಸೆ ಸಿಂಧು ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಅವಳೂ ಹತ್ತಿ ಹಿಡಿದು ಕೂರುತ್ತಾಳೆ. ಕೈಯಲ್ಲಿ ಶಿವನ ಬತ್ತಿ, ಬಾಯಲ್ಲಿ ಹಿಂದಿ ಸಿನಿಮಾ. ನೂರರ ಕಟ್ಟಿನಲ್ಲಿ ಎಷ್ಟೋ ಸಲ ತೊಂಬತ್ತಾರೋ ನೂರಾ ಎರಡೋ ಆಗಿರುತ್ತದೆ. ಶಿವ ಎಣಿಸುವವನಲ್ಲ ಎಂಬ ಧೈರ್ಯ ನನಗೆ.

ಸಿಂಧುವಿಗೆ ಹೊಸ ಸಿನಿಮಾಗಳ ಹುಚ್ಚು. ನಮಗೆ ಹಳೆಯವು. ಹೀಗಾಗಿ ಶನಿವಾರ ನಮ್ಮ ಪಡಸಾಲೆ ಎರಡು ಪಕ್ಷ.

“ಅತ್ತೆ, ನಿಮ್ಮ ಕಾಲದ ಹೀರೋಗೆ ಮೆಲ್ಲಗೆ ಮಾತಾಡೋಕೆ ಬರ್ತಿರಲಿಲ್ವಾ? ಅಮ್ಮ ಪಕ್ಕದಾಗೇ ನಿಂತಿರ್ತಾಳೆ, ಗುಡ್ಡದಾಚೆಗೆ ಕೇಳೋ ಹಂಗೆ ಕೂಗ್ತಾನೆ.”

ಉತ್ತರ ಕೊಟ್ಟದ್ದು ರತ್ನಕ್ಕ. “ಹಿಂದೆ ಕುಂತೋರಿಗೂ ಕೇಳಬೇಕಲ್ಲಮ್ಮ. ನಿಮ್ಮೋನು ನೋಡು, ಬಾಯಾಗೆ ಅಡಿಕೆ ಇಟ್ಕೊಂಡೋನಂಗೆ ಗೊಣಗ್ತಾನೆ. ನಿನ್ನ ಮೇಲೆ ಆಸೆ ಐತೆ ಅಂದ್ನೋ, ಬಸ್ಸು ತಪ್ತು ಅಂದ್ನೋ, ಒಂದೂ ತಿಳಿಯಂಗಿಲ್ಲ.”

“ಅದಿರಲಿ, ಆ ಗಡ್ಡ ಯಾಕೆ ಬಿಟ್ಟಾನೆ? ಏನಾದ್ರೂ ಹರಕೆ ಐತಾ?” ಎಂದು ಶಾರದಮ್ಮ ನಿಜವಾಗಿಯೂ ಚಿಂತೆಯಿಂದ ಕೇಳಿದಳು.

ನಾನು ಒಳಗೊಳಗೇ ಸೊಸೆಯ ಕಡೆಗೂ ಸ್ವಲ್ಪ ವಾಲಿದವಳು. ಹೊಸ ಸಿನಿಮಾದಲ್ಲಿ ಒಬ್ಬಳು ಸೆರಗು ಸಿಕ್ಕಿಸಿಕೊಂಡು ತಳ ಹಿಡಿದ ಪಾತ್ರೆ ಉಜ್ಜುವುದನ್ನು ಕಂಡೆ. ಇಡೀ ಮೂರು ನಿಮಿಷ ಉಜ್ಜಿದಳು. ನಮ್ಮನೆಯದೇ ಪಾತ್ರೆ ಅನ್ನಿಸಿ ಕೈ ನೋವಾಯಿತು. ಹಳೆಯ ಸಿನಿಮಾದಲ್ಲಿ ಕ್ಯಾರೆಟ್ ಹಲ್ವ ನೇರವಾಗಿ ತಾಯಿಯ ಕೈಯಿಂದ ಹೀರೋನ ಬಾಯಿಗೆ ಬರುತ್ತಿತ್ತು. ಅಷ್ಟು ಕ್ಯಾರೆಟ್ ತುರಿದವರು ಯಾರು ಎಂದು ಯಾವ ನಿರ್ದೇಶಕನೂ ಕೇಳಲಿಲ್ಲ. ಆದರೆ ಇದನ್ನು ರತ್ನಕ್ಕನ ಮುಂದೆ ಹೇಳುವ ಎದೆ ನನಗಿಲ್ಲ.

ಹಳೆಯದರಲ್ಲಿ ನಮ್ಮೆಲ್ಲರಿಗೂ ಅಚ್ಚುಮೆಚ್ಚಿನದು ಒಂದಿದೆ. ಹೆಸರು ಬೇಡ. ನದಿ ದಾಟಿಸುವ ಅಂಬಿಗನ ಮಗಳು, ದೊಡ್ಡ ಮನೆಯ ಹುಡುಗ. ಅವನು ದೂರದ ಊರಿಗೆ ಹೋಗುತ್ತಾನೆ, ಇವಳು ಕಾಯುತ್ತಾಳೆ. ಕೊನೆಯಲ್ಲಿ ಅವನು ಓಡಿ ಬಂದರೆ ಗುಡಿಸಲ ಬಾಗಿಲು ಹಾಕಿದೆ. ಅವಳ ತಂಗಿ ಒಂದು ಕಾಗದ ಓದುತ್ತಾಳೆ, ಅವನು ಬಿಕ್ಕಿ ಬಿಕ್ಕಿ ಅಳುತ್ತಾನೆ, ಮಂಜಿನೊಳಗೆ ದೋಣಿಯಲ್ಲಿ ಅಕ್ಕ ತೇಲಿ ಹೋಗುತ್ತಾಳೆ. ಮದುವೆಯಾದ ವರ್ಷವೇ ನಮ್ಮ ಪಡಸಾಲೆಯಲ್ಲಿ ಅದನ್ನು ನೋಡಿದ್ದೆ. “ಕಾಗದದಾಗೆ ಏನೈತೆ?” ಎಂದು ಎಲ್ಲರೂ ಕೇಳಿದಾಗ ರತ್ನಕ್ಕ, “ಲಗ್ನಕ್ಕೆ ದೊಡ್ಡೋರು ಒಪ್ಯಾರೆ, ಆಚೆ ದಡಕ್ಕೆ ಬಾ ಅಂತ ಬರ್ದಾಳೆ. ಅವನು ಖುಷಿಗೆ ಅಳ್ತಾನೆ” ಎಂದಿದ್ದರು. “ಲಗ್ನದಾಗೆ ಬಿಳೀ ಸೀರೆ ಉಟ್ಟಾಳಲ್ಲ?” ಎಂದು ಯಾರೋ ಅಂದಾಗ, “ಈ ಟೀವಿಯಾಗೆ ನಿನ್ನ ಸೀರೆನೂ ಬಿಳೀನೇ ಕಾಣ್ತದೆ, ಸುಮ್ನೆ ಕುಂದ್ರು” ಎಂದು ಬಾಯಿ ಮುಚ್ಚಿಸಿದ್ದರು. ಅಂದಿನಿಂದ ನನಗೆ ಅದು ಮದುವೆಯ ಸಿನಿಮಾ.

ಹೋದ ತಿಂಗಳು ಸಿಂಧು ಆ ಸಿನಿಮಾವನ್ನು ಎಲ್ಲಿಂದಲೋ ಹುಡುಕಿ ತೆಗೆದಳು. ಶನಿವಾರ ಎಲ್ಲರಿಗೂ ತೋರಿಸೋಣ, ಅದಕ್ಕೂ ಮೊದಲು ಸರಿಯಾಗಿದೆಯೋ ನೋಡೋಣ ಎಂದು ಗುರುವಾರ ಸಂಜೆ ನಾವಿಬ್ಬರೇ ಹಾಕಿಕೊಂಡೆವು. ಕೆಳಗೆ ಇಂಗ್ಲಿಷಿನಲ್ಲಿ ಮಾತುಗಳು ಬರುತ್ತಿದ್ದವು, ಅವಳು ನನಗೆ ಓದಿ ಹೇಳುತ್ತಿದ್ದಳು. ಕಾಗದದ ಹೊತ್ತಿಗೆ ಅವಳ ದನಿ ಸಣ್ಣದಾಯಿತು.

“ಅತ್ತೆ, ಅವಳು ಸತ್ತೋಗಿದಾಳೆ.”

“ಯಾರು?”

“ಹೀರೋಯಿನ್ನು. ‘ಈ ಕಾಗದ ನಿನ್ನ ಕೈ ಸೇರೋ ಹೊತ್ತಿಗೆ ನಾನು ಇರಲ್ಲ’ ಅಂತ ಐತೆ.”

ನಲವತ್ತು ವರ್ಷ ಮದುವೆ ಎಂದು ಕಣ್ಣೊರೆಸಿಕೊಂಡದ್ದು ತಿಥಿಯಾಗಿ ಹೋಯಿತು. ಸಿಂಧು ಮೊದಲು ಬೆರಗಾದಳು, ಆಮೇಲೆ ನಗತೊಡಗಿದಳು. “ಅಂದ್ರೆ ರತ್ನಜ್ಜಿಗೆ ಹಿಂದಿನೇ ಬರಲ್ಲ! ಶನಿವಾರ ಐತೆ ಹಬ್ಬ.” ಅವಳ ಮನಸ್ಸಿನಲ್ಲಿ ಕೆಡುಕಿಲ್ಲ, ಲೆಕ್ಕ ತಪ್ಪಿದ್ದು ಕಂಡರೆ ಬೋರ್ಡಿನ ಮೇಲೆ ಸರಿ ಮಾಡದೆ ಅವಳಿಗೆ ಸಮಾಧಾನವಿಲ್ಲ, ಅಷ್ಟೇ. ಆದರೆ ನನಗೆ ನಗು ಬರಲಿಲ್ಲ. ರತ್ನಕ್ಕನಿಗೆ ಮನೆಯಲ್ಲಿ ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ, ಮಕ್ಕಳು ಮೊಮ್ಮಕ್ಕಳು ತುಂಬಿದ್ದಾರೆ. ಆದರೆ ಅಲ್ಲಿ ಅವರು ಬರೀ ಅಜ್ಜಿ. ಹಿಂದಿ ರತ್ನಕ್ಕ ಆಗುವುದು ನಮ್ಮ ಪಡಸಾಲೆಯಲ್ಲಿ ಮಾತ್ರ. ನಾಲ್ಕು ಜನರ ಮುಂದೆ ಆ ಮಣೆ ಕಿತ್ತುಕೊಂಡರೆ ಮತ್ತೆ ನಮ್ಮ ಹೊಸ್ತಿಲು ತುಳಿಯುತ್ತಾರೆಯೇ? “ಬಾಯಿ ಬಿಡಬ್ಯಾಡ ತಾಯಿ” ಎಂದು ಸಿಂಧುವಿಗೆ ಹೇಳಿದೆ. “ನಾನು ಬಾಯಿ ಬಿಡದಿದ್ರೂ ಟೀವಿ ಬಿಡುತ್ತಲ್ಲ ಅತ್ತೆ, ಶಾರದಮ್ಮನ ಮೊಮ್ಮಗಳೂ ಬರ್ತಾಳೆ, ಅವಳು ಇಂಗ್ಲಿಷ್ ಓದ್ತಾಳೆ” ಎಂದಳು. ಅದೂ ನಿಜವೇ.

ಶುಕ್ರವಾರ ಪೂರ್ತಿ ಕೆಲಸದ ನಡುವೆ ಇದೇ ಯೋಚನೆ. ನನ್ನ ತವರು ಸಿದ್ದಾಪುರದ ಹತ್ತಿರ ಬಂಡೆಯ ಮೇಲೆ ಅಶೋಕ ಕೆತ್ತಿಸಿದ ಅಕ್ಷರಗಳಿವೆ. ಶಾಲೆಯಲ್ಲಿದ್ದಾಗ ಮೇಷ್ಟ್ರು ಕರೆದುಕೊಂಡು ಹೋಗಿದ್ದರು. ಭಾಷೆ ಪ್ರಾಕೃತವಂತೆ, ನಮ್ಮ ಕಡೆಯವರಿಗೆ ಆಗಲೂ ತಿಳಿಯದ ಭಾಷೆ. ಹಾಗಾದರೆ ಕುರಿ ಕಾಯುವವರಿಗೆ, ಹೊಲದವರಿಗೆ ಯಾರೋ ಒಬ್ಬರು ಬಂಡೆಯ ಪಕ್ಕ ನಿಂತು ಇದು ಹೀಗೆ, ಇದು ಹಾಗೆ ಎಂದು ಹೇಳಿರಲೇಬೇಕು. ಆ ಕಾಲದ ಒಬ್ಬ ರತ್ನಕ್ಕ! ಚಕ್ರವರ್ತಿ ಹೇಳಿದ್ದೆಷ್ಟೋ, ಆಕೆ ಸೇರಿಸಿದ್ದೆಷ್ಟೋ. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ನಿಜ ನುಡಿಯಿರಿ ಎಂದು ಅದರಲ್ಲಿದೆಯಂತೆ. ದಯೆ ಮತ್ತು ನಿಜ, ಎರಡೂ ಒಂದೇ ಬಂಡೆಯ ಮೇಲೆ. ಆದರೆ ಎರಡೂ ಒಟ್ಟಿಗೆ ಆಗದ ದಿನ ಯಾವುದು ಮೊದಲು ಎಂಬುದನ್ನು ಚಕ್ರವರ್ತಿ ಕೆತ್ತಿಸಲಿಲ್ಲ. ಅದನ್ನು ಹೆಂಗಸರು ಒಲೆಯ ಮುಂದೆ ನಿಂತು ತೀರ್ಮಾನ ಮಾಡಬೇಕು.

ಕೊನೆಗೆ ದೇವರ ಮುಂದೆ ನಿಂತು, “ನಾಳೆ ಮಧ್ಯಾಹ್ನ ಕರೆಂಟು ತೆಗಿ ತಂದೆ” ಎಂದು ಬೇಡಿಕೊಂಡೆ. ಚಳ್ಳಕೆರೆಯಲ್ಲಿ ಇದೇನು ದೊಡ್ಡ ವರವಲ್ಲ. ಆದರೆ ಆ ಶನಿವಾರ ಕರೆಂಟು ರೆಪ್ಪೆ ಕೂಡ ಮಿಟುಕಿಸಲಿಲ್ಲ.

ರತ್ನಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಮಣೆಯ ಬದಲು ಈಗ ಕುರ್ಚಿ. ಸಿನಿಮಾ ಶುರುವಾಯಿತು, ಟೀವಿಗಿಂತ ಗಟ್ಟಿಯಾಗಿ ಅವರ ವಿವರಣೆಯೂ ಶುರುವಾಯಿತು. ಶಾರದಮ್ಮನ ಮೊಮ್ಮಗಳು ಪುಣ್ಯಕ್ಕೆ ನಿದ್ದೆ ಹೋದಳು. ಶಿವನ ಒಂದು ಕರುಣೆ ಎಂದು ಎಣಿಸಿಕೊಂಡೆ. ಕಾಗದ ಬಂತು. ತಂಗಿ ಓದಿದಳು. ರತ್ನಕ್ಕ ಬಾಯಿ ತೆರೆದು, “ಲಗ್ನಕ್ಕೆ ದೊಡ್ಡೋರು…” ಎಂದು ಶುರು ಮಾಡಿ ನಿಂತುಬಿಟ್ಟರು. ಸಿಂಧುವಿನ ಕಡೆ ನೋಡಿದರು. ಸಿಂಧು ಕೈಯಲ್ಲಿದ್ದ ಬತ್ತಿಯನ್ನೇ ನೋಡುತ್ತಿದ್ದಳು. ಅವಳು ಒಂದು ಮಾತೂ ಆಡಲಿಲ್ಲ, ಪಾಪ. ಆದರೆ ಮುಖ ಕೆಂಪಾಗಿತ್ತು.

“ಕೆಳಗೆ ಬರ್ದೈತೇನಮ್ಮ?” ಎಂದು ರತ್ನಕ್ಕ ಕೇಳಿದರು.

“ಹ್ಞೂಂ ಅಜ್ಜಿ.”

“ಗೊತ್ತು ಬಿಡು. ಸತ್ತೋಗ್ತಾಳೆ. ಆವತ್ತೂ ಗೊತ್ತಿತ್ತು.”

“ಅಯ್ಯೋ ದೇವುಡಾ! ಮತ್ತೆ ಲಗ್ನ ಅಂದ್ರಲ್ಲ?” ಶಾರದಮ್ಮನ ಹತ್ತಿ ಜಾರಿಬಿತ್ತು.

ರತ್ನಕ್ಕ ನನ್ನ ಕಡೆ ಬೆರಳು ತೋರಿಸಿದರು. “ಈ ಗಿರಿಜಾ ಆವತ್ತು ಐದು ತಿಂಗಳ ಬಸುರಿ, ಆ ಕಂಬಕ್ಕೆ ಒರಗಿ ಕುಂತಿದ್ಲು. ಬಸುರಿ ಎದುರಿಗೆ ಸಾವಿನ ಸುದ್ದಿ ಆಡ್ತಾರೇನ್ರೇ? ನಮ್ಮವ್ವ ಹಂಗೆ ಕಲಿಸಿಲ್ಲ ನನಗೆ.”

ನಾನು ಹೊಸೆಯುತ್ತಿದ್ದ ಬತ್ತಿ ಕೆಳಗಿಟ್ಟು ಕೇಳಿದೆ, “ಆಮೇಲಾದ್ರೂ ಹೇಳಬೋದಿತ್ತಲ್ರೀ ರತ್ನಕ್ಕ?”

“ಆಮೇಲೆ ಈ ಶಾರದಾ ಬಸುರಿ. ಅವಳದಾಗೋ ಹೊತ್ತಿಗೆ ಮೂಲೆಮನೆಯೋಳು. ಆಮೇಲೆ ಮತ್ತೆ ನೀನು. ಈ ಬೀದಿಯಾಗೆ ಎಲ್ರೂ ಬರೀ ಹೊಟ್ಟೆಯಾಗೆ ಕುಂತಿದ್ದ ಒಂದು ಭಾನುವಾರ ಹೇಳ್ರೇ ನೋಡನ!”

ಮೊದಲು ನಕ್ಕದ್ದು ಸಿಂಧು. “ಅಂದ್ರೆ ಅಜ್ಜಿ, ಬೇರೆ ಸಿನಿಮಾಗಳೂ…?”

“ಎಲ್ಲಾ.”

“ಯುದ್ಧಕ್ಕೆ ಹೋದ ಅಣ್ಣ?” ಎಂದೆ ನಾನು. “ಸತ್ತ.” “ಕಣ್ಣಿಲ್ಲದ ತಾಯಿ?” “ಅವಳೂ ಹೋದ್ಲು.” “ಕಾಶಿಗೆ ಹೋದ ಅಂದಿದ್ರಲ್ಲ, ಆ ಮುದುಕ?” “ಕಾಶಿಗೇ ಹೋದ, ಆದ್ರೆ ಬೂದಿಯಾಗಿ.” ಶಾರದಮ್ಮ ಹಣೆ ಹಣೆ ಚಚ್ಚಿಕೊಂಡಳು: “ಇಷ್ಟು ಜನ ಒಂದೇ ದಿನ ಹೋದ್ರೆ ಎಷ್ಟು ಸಲ ಸ್ನಾನ ಮಾಡ್ಲಿ ನಾನು?” ನಗುವಿನ ರಭಸಕ್ಕೆ ಹುಡುಗಿ ಎದ್ದು ಕೂತಳು. ನಲವತ್ತು ವರ್ಷದ ಸಾವುಗಳನ್ನೆಲ್ಲ ಒಂದೇ ಮಧ್ಯಾಹ್ನ ಕೇಳಿ ಅಷ್ಟು ನಕ್ಕ ಹೆಂಗಸರು ಬೇರೆಲ್ಲಾದರೂ ಇದ್ದಾರೆಯೇ ತಿಳಿಯದು.

ನಗು ನಿಂತ ಮೇಲೆ ರತ್ನಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಇನ್ನು ನನ್ನ ಕೆಲಸ ಮುಗೀತು ಬಿಡ್ರೇ. ಕೆಳಗೆ ಅಕ್ಷರನೇ ಬರ್ತಾವಲ್ಲ” ಎಂದು ಎದ್ದು ಹೋದರು. ನಗುತ್ತಲೇ ಅಂದರು. ಆದರೆ ತಾವು ತಂದಿದ್ದ ಬತ್ತಿಯ ಬುಟ್ಟಿಯನ್ನು ಮರೆತು ಹೋದರು. ನನ್ನ ಮನಸ್ಸಿಗೆ ಅದೇ ಚುಚ್ಚಿತು.

ಮುಂದಿನ ಶನಿವಾರ ಅವರಾಗಿ ಬರಲಿಲ್ಲ. ಸಿಂಧುವೇ ಹೋಗಿ ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ತನಗೆ ಬಲು ಇಷ್ಟವಾದ ಹೊಸ ಸಿನಿಮಾ ಹಾಕಿದಳು. ಮನಸ್ತಾಪವಾಗಿ ದೂರವಾದ ಗಂಡಹೆಂಡತಿ, ಕೊನೆಯಲ್ಲಿ ರೈಲು ನಿಲ್ದಾಣದ ಕಲ್ಲುಬೆಂಚಿನ ಎರಡು ತುದಿಗೆ ಕೂರುತ್ತಾರೆ. ಅವನು ಎದ್ದು ನಿಲ್ಲುತ್ತಾನೆ. ಅಷ್ಟೇ. ಹೆಸರುಗಳು ಮೇಲೇರತೊಡಗಿದವು.

ರತ್ನಕ್ಕ ಅಂದು ಅಲ್ಲಿಯವರೆಗೆ ಒಂದು ಶಬ್ದವನ್ನೂ ಆಡಿರಲಿಲ್ಲ. ಈಗ ಮೆಲ್ಲಗೆ ಕೇಳಿದರು, “ಆಮೇಲೆ ಏನಾಯ್ತು?”

“ಅದು ಹೇಳಲ್ಲ ಅಜ್ಜಿ. ಈಗಿನ ಸಿನಿಮಾ ಹಿಂಗೇ. ನೋಡಿದೋರೇ ತಿಳ್ಕೋಬೇಕು.”

“ಕೆಳಗೂ ಬರ್ದಿಲ್ವಾ?”

“ಇಲ್ಲ.”

ರತ್ನಕ್ಕ ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು. “ಹೇಳ್ತೀನಿ ಕೇಳ್ರಿ. ಅವನು ಎದ್ದಿದ್ದು ಹೋಗಾಕಲ್ಲ, ಟೀ ತರಾಕೆ. ಎರಡು ತರ್ತಾನೆ. ಒಂದು ಅವಳ ಪಕ್ಕಕ್ಕಿಟ್ಟು ದೂರ ಕುಂದ್ರುತಾನೆ. ಅವಳು ಮೊದಲು ಮುಟ್ಟಂಗಿಲ್ಲ, ಸಿಟ್ಟು ಐತಲ್ಲ. ಆದ್ರೆ ಆರಿ ಹೋಗೋ ಟೀ ನೋಡ್ಕೊಂಡು ಎಷ್ಟೊತ್ತು ಕುಂತಾಳು?”

ಇಂಗ್ಲಿಷೂ ಗಣಿತವೂ ಬಲ್ಲ ನನ್ನ ಸೊಸೆ ಟೀವಿ ಆರಿಸಿ, ನೆಲದ ಮೇಲೆ ಅವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

“ಅವಳ ಟೀಗೆ ಸಕ್ಕರೆ ಎಷ್ಟು ಅಂತ ಅವನಿಗೆ ನೆನಪಿರುತ್ತಾ ಅಜ್ಜಿ?”