ಅಪ್ಪ ನಿಲ್ಲಿಸಿಬಿಡುತ್ತಿದ್ದ ಹಾಡುಗಳು

ಇವತ್ತು ಬೆಳಿಗ್ಗೆ ಹಳೆಯ ಟೇಬಲ್ ಫ್ಯಾನ್ ಹಾಕಿದಾಗ ಬಿಸಿಯಾದ ಧೂಳಿನ ವಾಸನೆ ಬಂತು. ನಾನು ಚಿಕ್ಕವಳಿದ್ದಾಗ ಯಲಹಂಕದ ನಮ್ಮ ಮನೆಯ ರೇಡಿಯೋ ಕಾದಾಗಲೂ ಇದೇ ವಾಸನೆ ಬರುತ್ತಿತ್ತು.

ಅಮ್ಮ ತೀರಿಕೊಂಡಾಗ ನಾನು ತೀರಾ ಚಿಕ್ಕವಳು. ಆಮೇಲೆ ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಸಂಜೆ ಕೆಲಸದಿಂದ ಬಂದ ಅಪ್ಪ ಅಂಗಿಯನ್ನು ಗೂಟಕ್ಕೆ ಹಾಕಿ, ರೇಡಿಯೋದ ಗುಂಡಿ ತಿರುಗಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ವೀಣೆಯೋ ಪಿಟೀಲೋ ಬಂದರೆ ಸರಿ. ಯಾರಾದರೂ ಹಾಡಲು ಶುರು ಮಾಡಿದರೆ ತಟ್ಟನೆ ನಿಲ್ಲಿಸಿಬಿಡುತ್ತಿದ್ದರು. ನನಗೋ ಹಾಡೇ ಬೇಕಿತ್ತು. ಊಟ ಮಾಡಿ ಮಲಗುವವರೆಗೂ ಮಾತಿಲ್ಲದ ಆ ಮನೆಯಲ್ಲಿ ಒಂದು ಹೆಂಗಸಿನ ದನಿಯಾದರೂ ಕೇಳಲಿ ಅನಿಸುತ್ತಿತ್ತು.

ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ, “ಹಾಡು ಯಾಕಪ್ಪ ಬೇಡ?”

ಅಪ್ಪ ಕಣ್ಣು ತೆರೆದರು. “ನಿಮ್ಮಮ್ಮ ಕೆಲಸ ಮಾಡ್ತಾ ಹಾಡ್ಕೋತಿದ್ಲು ಕಣಮ್ಮ. ಯಾರು ಹಾಡಿದ್ರೂ ಅವಳ ದನೀನೇ ಕೇಳ್ದಂಗಾಗುತ್ತೆ.”

“ನಂಗೆ ಅಮ್ಮನ ದನಿ ನೆನಪೇ ಇಲ್ಲಪ್ಪ,” ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಮರುದಿನ ಹಾಡು ಬಂದಾಗ ರೇಡಿಯೋ ನಿಲ್ಲಿಸಲಿಲ್ಲ. “ಅವಳದು ಇದಕ್ಕಿಂತ ಸಣ್ಣ ದನಿ. ಇನ್ನೂ ಸ್ವಲ್ಪ ಮೆತ್ತಗೆ,” ಎಂದು ಹೇಳಿ, ಎದ್ದು ಹಿತ್ತಲಿಗೆ ಹೋದರು. ಹಾಡು ಮುಗಿಯುವವರೆಗೂ ಬಾವಿಕಟ್ಟೆಯ ಮೇಲೆ ಆಚೆ ಮುಖ ಮಾಡಿ ಕೂತಿದ್ದರು. ನಾನು ಒಳಗೆ ಒಬ್ಬಳೇ, ಆ ದನಿಯನ್ನು ಮನಸ್ಸಿನಲ್ಲೇ ಸಣ್ಣದು ಮಾಡಿ, ಮೆತ್ತಗೆ ಮಾಡಿ ಕೇಳುತ್ತಿದ್ದೆ.

ಮೊನ್ನೆ ಮೊಮ್ಮಗಳು, “ಅಜ್ಜಿ, ನಿಂಗೆ ಬರೀ ಮ್ಯೂಸಿಕ್ ಇಷ್ಟಾನಾ, ಹಾಡಾ?” ಎಂದು ಕೇಳಿದಳು. ಹಾಡು ಅಂದೆ. ಯಾಕೆಂದು ಅವಳು ಕೇಳಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತನ್ನ ಕೋಣೆಗೆ ಹೋದಳು.